ಹಬ್ಬದ ರಜೆಯಲ್ಲಿ ಸಿ.ಐ.ಡಿ. 999

2024ರ ದೀಪಾವಳಿ ಹೇಳಿ ಮಾಡಿಸಿದಂತೆ ಬಂದಿತ್ತು. ಅಕ್ಟೋಬರ್ 31ರ ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಅದರ ಮರುದಿನ ಹೇಗೂ ಭಾನುವಾರ. ಇಷ್ಟುದ್ದದ ರಜೆ ಸಿಕ್ಕಿದರೆ ತಿಪಟೂರಿನ ನಮ್ಮ ಮನೆ ತುಂಬಿಬಿಡುತ್ತದೆ. ಅಕ್ಕನ ಸಂಸಾರ ಬೆಂಗಳೂರಿನಿಂದ ಬರುತ್ತದೆ, ನಾವು ಮೈಸೂರಿನಿಂದ. ಆದರೆ ಮನೆ ತುಂಬಿದ ಮಾತ್ರಕ್ಕೆ ಮಾತು ತುಂಬುವುದಿಲ್ಲ. ಎಣ್ಣೆಸ್ನಾನ, ಪೂಜೆ, ಹೋಳಿಗೆ ಊಟ ಎಲ್ಲ ಮುಗಿದ ಮೇಲೆ ಮಕ್ಕಳು ಒಂದೊಂದು ಮೂಲೆ ಹಿಡಿಯುತ್ತಾರೆ, ಅಪ್ಪ ಜಗಲಿಯಲ್ಲಿ ಒಬ್ಬರೇ ಕೂರುತ್ತಾರೆ. ಎಪ್ಪತ್ತು ದಾಟಿದ ಅವರಿಗೂ ಮೊಮ್ಮಕ್ಕಳಿಗೂ ನಡುವೆ "ಊಟ ಆಯ್ತಾ", "ಹ್ಞೂ ತಾತ" ಎಂಬುದನ್ನು ಬಿಟ್ಟರೆ ಬೇರೆ ಸಂಭಾಷಣೆ ಇರುತ್ತಿರಲಿಲ್ಲ. ನನಗೆ ಅದು ಬಹಳ ದಿನಗಳಿಂದ ಸಂಕಟದ ವಿಷಯವಾಗಿತ್ತು.

ಅಕ್ಕನ ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ, 'ಮಿಷನ್ ಇಂಪಾಸಿಬಲ್' ಸರಣಿಯ ಕಟ್ಟಾ ಅಭಿಮಾನಿ. ಆ ಗುರುವಾರ ಮಧ್ಯಾಹ್ನ ನನ್ನ ಮಗನಿಗೆ ಟಾಮ್ ಕ್ರೂಸ್ ಬುರ್ಜ್ ಖಲೀಫಾದ ಗಾಜಿನ ಗೋಡೆ ಹತ್ತುವ ದೃಶ್ಯ ತೋರಿಸುತ್ತಾ, ಡೂಪ್ ಇಲ್ಲದೆ ಆತನೇ ಹತ್ತಿದ್ದು ಎಂದು ವಿವರಿಸುತ್ತಿದ್ದಳು. ಅಪ್ಪ ಜಗಲಿಯಿಂದಲೇ ಕೇಳಿದರು: "ಯಾವನಮ್ಮ ಅವನು, ಸಿ.ಐ.ಡಿ.ನಾ?" ಹೌದು ತಾತ, ಒಂಥರಾ ಹಾಗೇ ಎಂದಳು. "ನಮ್ಮ ರಾಜ್‌ಕುಮಾರ್ ಅದನ್ನ ಯಾವಾಗಲೋ ಮಾಡಿದಾರೆ, ನಂಬರ್ ಟ್ರಿಪಲ್ ನೈನ್" ಎಂದರು ಅಪ್ಪ. ಅವಳಿಗೆ ರಾಜ್‌ಕುಮಾರ್ ಎಂದರೆ ಮಯೂರ, ಬಭ್ರುವಾಹನ, ಬಂಗಾರದ ಮನುಷ್ಯ. ಕೋಟು ತೊಟ್ಟು ಪಿಸ್ತೂಲು ಹಿಡಿದ ರಾಜ್‌ಕುಮಾರ್ ಅವಳ ಕಲ್ಪನೆಯಲ್ಲೇ ಇರಲಿಲ್ಲ.

ಸಂಜೆ ಪಟಾಕಿ ಮುಗಿದ ಮೇಲೆ ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಸರಣಿಯ ಚಿತ್ರಗಳನ್ನು ಯೂಟ್ಯೂಬ್‌ನಲ್ಲಿ ಹುಡುಕಿ ಟಿವಿಗೆ ಹಾಕಿದೆವು. ಮಕ್ಕಳಿಗೆ 1978ರ 'ಆಪರೇಷನ್ ಡೈಮಂಡ್ ರಾಕೆಟ್' ಬೇಕಿತ್ತು. ಅದು ಬಣ್ಣದ ಚಿತ್ರ, ಜೊತೆಗೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿರುವ ಆ ಹಾಡಿನ ತುಣುಕು ಅವರ ಮೊಬೈಲುಗಳಲ್ಲಿ ಆಗಲೇ ಓಡಾಡಿತ್ತು. ನಾನು ಒಪ್ಪಲಿಲ್ಲ, 1968ರ 'ಜೇಡರ ಬಲೆ'ಯಿಂದಲೇ ಶುರುವಾಗಬೇಕು ಎಂದು ಹಟ ಹಿಡಿದೆ. ಸರಣಿ ಚಿತ್ರಗಳನ್ನು ಮನೆಮಂದಿಯೊಂದಿಗೆ ನೋಡುವವರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ನಡುವಿನಿಂದ ಒಂದು ಹಾಡನ್ನೋ ಹೊಡೆದಾಟವನ್ನೋ ಕಿತ್ತು ತೋರಿಸಿದರೆ ಹೊಸಬರು ನಕ್ಕು ಸುಮ್ಮನಾಗುತ್ತಾರೆ. ಮೊದಲಿನಿಂದ ಬಂದರೆ ಆ ಮನುಷ್ಯನ ಪರಿಚಯವಾಗಿರುತ್ತದೆ. ಪರಿಚಯವಾದವನನ್ನು ನೋಡಿ ಹಾಗೆ ನಗಲಾಗುವುದಿಲ್ಲ.

'ಜೇಡರ ಬಲೆ' ಕಪ್ಪು ಬಿಳುಪು ಚಿತ್ರ. ಯೂಟ್ಯೂಬಿನ ಪ್ರತಿಯಲ್ಲಿ ಉದ್ದಕ್ಕೂ ಗೆರೆಗಳು, ಶಬ್ದದಲ್ಲಿ ಗುಂಯ್‌ಗುಟ್ಟುವಿಕೆ. ಯಾವ ಲೋಹವನ್ನಾದರೂ ಚಿನ್ನವಾಗಿಸುವ ಸೂತ್ರ ಕಂಡುಹಿಡಿದ ವಿಜ್ಞಾನಿ, ಅವನ ಹಿಂದೆ ಬಿದ್ದ ದುಷ್ಟಕೂಟ, ಅದರ ಜಾಡು ಹಿಡಿದು ಹೊರಟ ಸಿ.ಐ.ಡಿ. ಪ್ರಕಾಶ್. ಮೊದಲ ಹತ್ತು ನಿಮಿಷ ಮಗ ಚಡಪಡಿಸಿದ. ಆಮೇಲೆ ಅಪ್ಪ ಮಾತಾಡಲು ಶುರು ಮಾಡಿದರು.

ಅವರು ಹೇಳಿದ್ದು ಚಿತ್ರದ ಕಥೆಯನ್ನಲ್ಲ, ಅದನ್ನು ನೋಡಿದ ಕಥೆಯನ್ನು. ಊರಾಚೆ ಹಾಕುತ್ತಿದ್ದ ಟೆಂಟ್, ಆಟ ಶುರುವಾಗುವ ಮುನ್ನ ಮೈಕಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು, ಅದು ಕೇಳಿದ ಕೂಡಲೇ ಹೊಲದ ಬದುವಿನ ಮೇಲೆ ಓಡುತ್ತಿದ್ದದ್ದು. ನೆಲದ ಟಿಕೆಟ್ ತೆಗೆದುಕೊಂಡವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತರೆ ಹಿಂದಿನವರು ಬೈಯುತ್ತಿದ್ದದ್ದು. ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಬದಲಿಸುವಾಗೆಲ್ಲ ಆಟ ನಿಲ್ಲುತ್ತಿತ್ತು, ಖಳನ ಅಡ್ಡೆಯೊಳಗೆ ರಾಜ್‌ಕುಮಾರ್ ಸಿಕ್ಕಿಬಿದ್ದ ಹೊತ್ತಿಗೇ ದೀಪ ಹತ್ತಿಬಿಡುತ್ತಿತ್ತು. "ಆ ಕತ್ತಲೆ-ಬೆಳಕಿನ ಮಧ್ಯೆ ಏನಾಗತ್ತೋ ಅಂತ ಉಗುರು ಕಚ್ಚಿಕೊಂಡು ಕೂತಿರ್ತಿದ್ವಿ ಕಣೋ" ಎಂದರು. ಹದಿಮೂರು ವರ್ಷದ ನನ್ನ ಮಗ ತಾತನ ಮುಖವನ್ನೇ ನೋಡುತ್ತಿದ್ದ. ಆ ಚಿತ್ರ ಬಂದಾಗ ಅಪ್ಪನಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಅಲ್ಲಿಂದ ಮುಂದೆ ನಾನು ಬಾಯಿ ತೆರೆಯಲಿಲ್ಲ. ಚಿತ್ರದ ಬಗ್ಗೆ ನನಗೂ ಗೊತ್ತಿರುವುದು ಸಾಕಷ್ಟಿದೆ. ಆದರೆ ಒಂದು ವಸ್ತುವನ್ನು ಎಳವೆಯಲ್ಲಿ ಪ್ರೀತಿಸಿದವರು ಎದುರಿಗಿದ್ದಾಗ, ಮಾಹಿತಿ ಉಳ್ಳವರು ಹಿಂದೆ ಸರಿಯುವುದೇ ಸರಿ. ಮಕ್ಕಳಿಗೆ ಅಂಟುವುದು ಆ ಪ್ರೀತಿ, ಮಾಹಿತಿಯಲ್ಲ.

ಶುಕ್ರವಾರ 'ಗೋವಾದಲ್ಲಿ ಸಿ.ಐ.ಡಿ. 999', ಅದೂ 1968ರದ್ದೇ. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದ ಚಿತ್ರ. ಶನಿವಾರ 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಅದರ ನಾಯಕಿ ಮುಂದೆ ಹಿಂದಿ ಚಿತ್ರರಂಗವನ್ನೇ ಆಳಿದ ರೇಖಾ ಎಂದಾಗ ಅಕ್ಕ ನಂಬಲೇ ಇಲ್ಲ, ಎದ್ದು ಟಿವಿ ಹತ್ತಿರ ಹೋಗಿ ನೋಡಿದಳು. ಮೂರನೆಯದು ಮೊದಲ ಎರಡರಷ್ಟು ಹಿಡಿಸಲಿಲ್ಲ, ಯಾರಿಗೂ.

ನನ್ನ ಮೆಚ್ಚುಗೆ ಬೇರೊಂದು ಕಡೆ ಇದೆ. 1968ನೇ ಇಸವಿಯಲ್ಲೇ ರಾಜ್‌ಕುಮಾರ್ 'ಮಣ್ಣಿನ ಮಗ'ದಲ್ಲಿ ರೈತರಾಗಿದ್ದಾರೆ, ತ್ರಿವೇಣಿಯವರ ಕಾದಂಬರಿ ಆಧರಿಸಿದ 'ಹಣ್ಣೆಲೆ ಚಿಗುರಿದಾಗ' ಚಿತ್ರದಲ್ಲಿ ವಿಧವಾ ವಿವಾಹದಂಥ ಗಂಭೀರ ವಸ್ತುವಿನ ನಡುವೆ ಇದ್ದಾರೆ. ಅದೇ ವರ್ಷ ಎರಡು ಬಾರಿ ಗೂಢಚಾರ. 1962ರಲ್ಲಿ 'ಡಾಕ್ಟರ್ ನೋ' ಮೂಲಕ ಹಬ್ಬಿದ ಜೇಮ್ಸ್ ಬಾಂಡ್ ಗುಂಗನ್ನು ಕನ್ನಡಕ್ಕೆ ಒಗ್ಗಿಸುವ ಧೈರ್ಯ ಮಾಡಿದವರು ದೊರೈ-ಭಗವಾನ್ ಎಂಬ ನಿರ್ದೇಶಕ ಜೋಡಿ. ದೊರೈರಾಜ್ ಮೂಲತಃ ಛಾಯಾಗ್ರಾಹಕರು. ಅದನ್ನು ತಿಳಿದು ನೋಡಿದರೆ ಖಳರ ಅಡ್ಡೆಗಳ ನೆರಳು-ಬೆಳಕಿನ ಆಟ ಬೇರೆಯೇ ಕಾಣಿಸುತ್ತದೆ. ಕಂಪ್ಯೂಟರಿನ ಸಹಾಯವಿಲ್ಲದ ಕಾಲದಲ್ಲಿ ಸೆಟ್ಟು, ದೀಪ, ಜಿ.ಕೆ. ವೆಂಕಟೇಶ್ ಅವರ ಸಂಗೀತ, ಇಷ್ಟರಿಂದಲೇ ದಿಗಿಲು ಹುಟ್ಟಿಸಬೇಕಿತ್ತು. ಹುಟ್ಟಿಸಿದ್ದಾರೆ.

ಅಮ್ಮ ಮೊದಲ ಎರಡು ರಾತ್ರಿ ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ಹೊಡೆದಾಟದ ಸಿನಿಮಾ ಅವರಿಗೆ ಎಂದೂ ಸೇರದು. ಶನಿವಾರ ಹೆಸರುಗಳು ಬರುವಾಗ ಕಜ್ಜಾಯದ ತಟ್ಟೆ ಹಿಡಿದು ಬಂದವರು, ದೊರೈ-ಭಗವಾನ್ ಎಂದು ಓದಿ ಅಲ್ಲೇ ನಿಂತರು. "ಇವರೇ ಅಲ್ವೇನೋ ಎರಡು ಕನಸು ತೆಗೆದಿದ್ದು?" ಹೌದು, ಅವರೇ. 'ಎರಡು ಕನಸು', 'ಹೊಸ ಬೆಳಕು' ಎರಡೂ ವಾಣಿಯವರ ಕಾದಂಬರಿಗಳು. ಅಮ್ಮ ಅವನ್ನು ಲೈಬ್ರರಿಯಿಂದ ತಂದು ಓದಿ, ಆಮೇಲೆ ಸಿನಿಮಾ ನೋಡಿದವರು. ತಾವು ಕಣ್ಣೀರು ಹಾಕಿದ ಚಿತ್ರಗಳನ್ನು ಮಾಡಿದವರೇ ಪಿಸ್ತೂಲು, ಗುಪ್ತದ್ವಾರದ ಚಿತ್ರಗಳನ್ನೂ ಮಾಡಿದ್ದಾರೆ ಎಂಬುದು ಅವರನ್ನು ಕೂರಿಸಿತು. ಅವತ್ತು ಅವರು ಪೂರ್ತಿ ಚಿತ್ರ ನೋಡಿದರು.

ಮಧ್ಯಂತರ ಬಂದಾಗ ಟಿವಿ ನಿಲ್ಲಿಸುವ ಪದ್ಧತಿ ಇಟ್ಟುಕೊಂಡಿದ್ದೆವು. ನಿಜವಾದ ಹಬ್ಬ ಆಗುತ್ತಿದ್ದದ್ದು ಆಗಲೇ. ಚಿತ್ರದ ನಡುವೆ ಎದ್ದ ಪ್ರಶ್ನೆಗಳೆಲ್ಲ ಆಗ ಹೊರಬರುತ್ತಿದ್ದವು. ಅಕ್ಕನ ಮಗಳು ಒಂದು ರಾತ್ರಿ ನೇರವಾಗಿ ಕೇಳಿದಳು: "ತಾತ, ಹೆಣ್ಣುಮಕ್ಕಳನ್ನ ಬರೀ ಕ್ಲಬ್ಬಲ್ಲಿ ಕುಣಿಸೋಕೆ, ಇಲ್ಲ ಹೀರೋನ ಮೋಸ ಮಾಡೋಕೆ ಇಟ್ಟಿದಾರಲ್ಲ, ನಿಮಗೆ ಆಗ ಏನೂ ಅನ್ನಿಸಲಿಲ್ವಾ?" ಮಾತು ತಿರುಗಿಸಬೇಕು ಅಂತ ನನ್ನ ಹೆಂಡತಿ ಕಣ್ಸನ್ನೆ ಮಾಡಿದಳು. ಅಪ್ಪ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಆಗ ಅನ್ನಿಸಲಿಲ್ಲಮ್ಮ. ಈಗ ನೀನು ಪಕ್ಕದಲ್ಲಿ ಕೂತು ನೋಡುವಾಗ ಅನ್ನಿಸ್ತಿದೆ" ಎಂದರು. ನನ್ನ ದೃಷ್ಟಿಯಲ್ಲಿ ಆ ರಜೆಯಲ್ಲಿ ನಮ್ಮ ಮನೆಯೊಳಗೆ ನಡೆದ ಅತಿ ದೊಡ್ಡ ಘಟನೆ ಅದು. ನಮ್ಮ ಮೆಚ್ಚಿನ ಚಿತ್ರವನ್ನು ಮಕ್ಕಳು ಪ್ರಶ್ನಿಸಿದಾಗ ವಕಾಲತ್ತು ವಹಿಸಲು ಧಾವಿಸಬಾರದು. ಅವರು ಪ್ರಶ್ನೆ ಕೇಳುತ್ತಿದ್ದಾರೆಂದರೆ ಮನಸ್ಸಿಟ್ಟು ನೋಡುತ್ತಿದ್ದಾರೆಂದೇ ಅರ್ಥ.

ಭಾನುವಾರ ರಾತ್ರಿ 'ಡೈಮಂಡ್ ರಾಕೆಟ್'. ಒಂಬತ್ತು ವರ್ಷಗಳ ಅಂತರದ ನಂತರ ಬಂದ ಚಿತ್ರ. ಬಣ್ಣ ಬಂದಿದೆ, ನೇಪಾಳದ ಬೀದಿಗಳು ಬಂದಿವೆ. ಮುಖ್ಯವಾಗಿ ಧ್ವನಿ ಬದಲಾಗಿದೆ. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜ್‌ಕುಮಾರ್ ಎಂದರೆ ಪಿ.ಬಿ. ಶ್ರೀನಿವಾಸ್ ಅವರ ಕಂಠ. 1974ರ 'ಸಂಪತ್ತಿಗೆ ಸವಾಲ್' ನಂತರ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಆ ಇಂಗ್ಲಿಷ್ ಹಾಡನ್ನು ಬರೆದವರು ಚಿ. ಉದಯಶಂಕರ್. ಬೆಳ್ಳಿತೆರೆಗೆ ಬೇಡರ ಕಣ್ಣಪ್ಪನಾಗಿ ಬಂದ, ಶಾಲೆಯ ಓದು ಹೆಚ್ಚಿಲ್ಲದ ನಟನೊಬ್ಬ ನಲವತ್ತೊಂಬತ್ತರ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಹಾಡಿದ್ದಾರೆ. ಮೊಬೈಲಿನಲ್ಲಿ ತುಣುಕು ನೋಡಿ ನಗುತ್ತಿದ್ದ ಮಗ ಅವತ್ತು ಟಿವಿಯ ಜೊತೆ ತಾನೂ ಹಾಡಿದ, ತಾತನೂ ದನಿಗೂಡಿಸಿದರು.

ಆಮೇಲೆ ಎರಡು ಸರಣಿಗಳ ತುಲನೆ ಶುರುವಾಯಿತು. ಮಿಷನ್ ಇಂಪಾಸಿಬಲ್‌ನಲ್ಲಿ ಬ್ರಯಾನ್ ಡಿ ಪಾಲ್ಮಾ, ಜಾನ್ ವೂ, ಜೆ.ಜೆ. ಅಬ್ರಾಮ್ಸ್, ಬ್ರ್ಯಾಡ್ ಬರ್ಡ್ ಎಂದು ಆರಂಭದಲ್ಲಿ ಚಿತ್ರಕ್ಕೊಬ್ಬ ನಿರ್ದೇಶಕ, 2015ರಿಂದ ಮಾತ್ರ ಕ್ರಿಸ್ಟಫರ್ ಮೆಕ್ವಾರಿ. ಹಾಗಾಗಿ ಒಂದೊಂದರ ರುಚಿ ಒಂದೊಂದು ಎಂದು ಅಕ್ಕನ ಮಗಳು ವಾದಿಸಿದಳು. ನಮ್ಮ 999ಕ್ಕೆ ನಾಲ್ಕರಲ್ಲೂ ಅದೇ ನಿರ್ದೇಶಕರು, ಅದೇ ಸಂಗೀತ ನಿರ್ದೇಶಕರು, ಅದೇ ನಾಯಕ. ಅದರಿಂದಲೇ ನಾಲ್ಕೂ ಒಂದು ಮನೆಯ ಮಕ್ಕಳಂತೆ ಕಾಣುತ್ತವೆ ಎಂದರು ಅಪ್ಪ. ಇಬ್ಬರ ಮಾತಿನಲ್ಲೂ ಹುರುಳಿದೆ. ನನಗೆ ಅಪ್ಪನ ಪಕ್ಷವೇ ಹೆಚ್ಚು ಹಿಡಿಸಿತು.

2025ರ ಮೇ ತಿಂಗಳಲ್ಲಿ 'ದಿ ಫೈನಲ್ ರೆಕನಿಂಗ್' ಬಂದಾಗ ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳು ತಾತನನ್ನು ಥಿಯೇಟರಿಗೆ ಕರೆದೊಯ್ದಳು. ಹೋಗುವ ಮೊದಲು ಹಳೆಯ ಕಂತುಗಳಲ್ಲಿ ಬೇಕಾದಷ್ಟನ್ನು ಕನ್ನಡದಲ್ಲಿ ಕಥೆ ಹೇಳಿ ತಯಾರು ಮಾಡಿದ್ದಳಂತೆ. ಪುಟ್ಟ ವಿಮಾನದ ರೆಕ್ಕೆ ಹಿಡಿದು ಟಾಮ್ ಕ್ರೂಸ್ ಗಾಳಿಯಲ್ಲಿ ನೇತಾಡುವ ದೃಶ್ಯದಲ್ಲಿ ಅಪ್ಪ ಅವಳ ಕೈ ಬಿಟ್ಟಿರಲಿಲ್ಲವಂತೆ. ಮನೆಗೆ ಬಂದವರೇ, "ಸಾಹಸ ಏನೋ ಭರ್ಜರಿ, ಆದ್ರೆ ಮೊದಲ ಒಂದು ಗಂಟೆ ಬರೀ ಮಾತಾಡ್ತಾರಲ್ಲೋ" ಎಂದು ನನ್ನ ಹತ್ತಿರ ದೂರಿದರು. ಆ ಮಾತುಗಳಿಲ್ಲದಿದ್ದರೆ ಕೊನೆಯ ಸಾಹಸಕ್ಕೆ ಬೆಲೆಯೇ ಇಲ್ಲ ಎನ್ನುವುದು ಅವಳ ಪಟ್ಟು. ಫೋನಿನಲ್ಲಿ ಆ ಚರ್ಚೆ ಇನ್ನೂ ನಡೆಯುತ್ತಿದೆ. ಈ ದಸರೆಗೆ 1996ರ ಮೊದಲ ಭಾಗವನ್ನು ಎಲ್ಲರೂ ಕೂತು ನೋಡಿ ತೀರ್ಮಾನ ಮಾಡುವುದೆಂದು ಮಾತಾಗಿದೆ. ಅದರ ಮಾರನೆಯ ರಾತ್ರಿ 'ಎರಡು ಕನಸು' ಎಂದು ಅಮ್ಮ ಆಗಲೇ ಹೇಳಿಟ್ಟಿದ್ದಾರೆ.