ಹೊರತೆರೆ ಏಕೆ ಕಪ್ಪಾಯಿತು?

ನಮ್ಮ ಕಾಲೇಜಿನ ಅಂತಿಮ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬನು ಒಂದು ಮಧ್ಯಾಹ್ನ ಸಪ್ಪೆ ಮುಖ ಮಾಡಿಕೊಂಡು ಪ್ರಯೋಗಶಾಲೆಗೆ ಬಂದನು. ಜೋಡಿ ಲೋಲಕಗಳ ಚಲನೆಯನ್ನು ಗಣಿಸಿ ಚಿತ್ರಿಸುವ ಪ್ರೋಗ್ರಾಮೊಂದನ್ನು ಅವನು ಮೂರು ತಿಂಗಳು ಶ್ರಮಪಟ್ಟು ಬರೆದಿದ್ದನು. ಇನ್ನು ನಾಲ್ಕು ದಿನಗಳಲ್ಲಿ ಅದನ್ನು ಪ್ರೊಜೆಕ್ಟರಿನ ಮೂಲಕ ಗೋಡೆಯ ಮೇಲೆ ಮೂಡಿಸಿ ಪರೀಕ್ಷಕರಿಗೆ ವಿವರಿಸಬೇಕಾಗಿದ್ದಿತು. ಎರಡು ದಿನಗಳ ಹಿಂದೆ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಲಿನಕ್ಸ್ ವರ್ಗದ ಆಪರೇಟಿಂಗ್ ಸಿಸ್ಟಮನ್ನು ಹೊಸ ಆವೃತ್ತಿಗೆ ಏರಿಸಿದ್ದನಂತೆ. ಅಂದಿನಿಂದ ಲ್ಯಾಪ್‌ಟಾಪಿನ ಸ್ವಂತ ತೆರೆಯಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತಿದ್ದರೂ ಹೊರಗಿನ ಮಾನಿಟರಾಗಲಿ ಪ್ರೊಜೆಕ್ಟರಾಗಲಿ 'ನೋ ಸಿಗ್ನಲ್' ಎಂದು ತೋರಿಸಿ ಕಪ್ಪಾಗುತ್ತಿದ್ದುವು. ರಿಪೇರಿ ಅಂಗಡಿಯವರು ನೋಡಿ, 'ಎಚ್‌ಡಿಎಮ್‌ಐ ಪೋರ್ಟು ಸುಟ್ಟುಹೋಗಿದೆ, ಮದರ್‌ಬೋರ್ಡನ್ನೇ ಬದಲಾಯಿಸಬೇಕು' ಎಂದು ಚೀಟಿ ಬರೆದುಕೊಟ್ಟಿದ್ದರು. ವಿದ್ಯಾರ್ಥಿವೇತನದ ಹಣದಿಂದ ಕೊಂಡಿದ್ದ ಹಳೆಯ ಯಂತ್ರ. ಚೀಟಿಯಲ್ಲಿದ್ದ ಮೊತ್ತವು ಅದರ ಬೆಲೆಯ ಅರ್ಧಕ್ಕೆ ಹತ್ತಿರವಿತ್ತು. 'ಸಾರ್, ಹಣ ಕಟ್ಟಲೇ, ಬೇಡವೇ?' ಎಂಬುದು ಅವನ ಪ್ರಶ್ನೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಮಾತು ನಮ್ಮಲ್ಲಿ ಉಂಟಷ್ಟೆ. ಆಪರೇಟಿಂಗ್ ಸಿಸ್ಟಂ ಬದಲಾದುದಕ್ಕೂ ಪೋರ್ಟು ಕೆಟ್ಟುದಕ್ಕೂ ಕಾರ್ಯಕಾರಣ ಸಂಬಂಧವಿದೆಯೆ, ಅಥವಾ ಇದು ಬರಿಯ ಕಾಕತಾಳೀಯವೆ? ಅಂಗಡಿಯವರು ಎರಡನೆಯದನ್ನು ಹಿಡಿದರು. ವಿದ್ಯಾರ್ಥಿಯ ಮನಸ್ಸು ಮೊದಲನೆಯದರ ಕಡೆಗಿದ್ದಿತು. ಎರಡೂ ಊಹೆಗಳೇ. ಇವುಗಳಲ್ಲಿ ಒಂದನ್ನು ಆರಿಸಬೇಕಾದರೆ ಆ ಕೇಬಲಿನೊಳಗೆ ಏನು ನಡೆಯುತ್ತದೆಂಬುದನ್ನು ಮೊದಲು ಅರಿಯತಕ್ಕದ್ದು.

೨೦೦೨ರಲ್ಲಿ ಬಳಕೆಗೆ ಹೊರಬಂದ ಎಚ್‌ಡಿಎಮ್‌ಐ ಏರ್ಪಾಡಿನ ಸಾಮಾನ್ಯ ಪೋರ್ಟಿನಲ್ಲಿ ೧೯ ಪಿನ್ನುಗಳಿರುತ್ತವೆ. ಇವೆಲ್ಲವೂ ಚಿತ್ರವನ್ನು ಹೊರುವುದಕ್ಕಾಗಿಯೇ ಇವೆಯೆಂದು ಹಲವರು ಭಾವಿಸುವರು. ವಾಸ್ತವವಾಗಿ ಚಿತ್ರವು ಹೊರಡುವುದಕ್ಕೆ ಮುಂಚೆ ಕಂಪ್ಯೂಟರಿಗೂ ಮಾನಿಟರಿಗೂ ಒಂದು ಸಣ್ಣ ಸಂಭಾಷಣೆ ನಡೆಯಲೇಬೇಕು. ಕಂಪ್ಯೂಟರು ೧೮ನೆಯ ಪಿನ್ನಿನಲ್ಲಿ ೫ ವೋಲ್ಟ್ ವಿಭವವನ್ನು ಇಟ್ಟಿರುತ್ತದೆ. ಮಾನಿಟರು ಆ ವಿಭವವನ್ನು ಒಂದು ರೋಧಕದ ಮೂಲಕ ೧೯ನೆಯ ಪಿನ್ನಿಗೆ ಹಿಂದಿರುಗಿಸುತ್ತದೆ. ೧೯ರಲ್ಲಿ ವಿಭವ ಏರಿತೆಂದರೆ 'ಆ ತುದಿಯಲ್ಲಿ ಯಾರೋ ಇದ್ದಾರೆ' ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಬಾಗಿಲ ಗಂಟೆಯನ್ನು ಒತ್ತಿದಂತೆ ಇದು. ಬಂದವರು ಯಾರೆಂಬುದು ಇನ್ನೂ ತಿಳಿಯದು.

ಬಂದವರು ಯಾರೆಂಬುದನ್ನು ತಿಳಿಸುವುದು ೧೫ ಮತ್ತು ೧೬ನೆಯ ಪಿನ್ನುಗಳ ಕೆಲಸ. ಮಾನಿಟರಿನೊಳಗೆ ಒಂದು ಪುಟ್ಟ ಸ್ಮೃತಿಕೋಶವಿದ್ದು, ಅದರಲ್ಲಿ ಮಾನಿಟರಿನ ಜಾತಕವೆಂದು ಕರೆಯಬಹುದಾದ ೧೨೮ ಬೈಟುಗಳ ಒಂದು ಪಟ್ಟಿ ಇರುತ್ತದೆ. ಇದಕ್ಕೆ ಇಡಿಐಡಿ ಎಂದು ಹೆಸರು. ೧೯೯೪ರಲ್ಲಿ ಮೊದಲು ಗೊತ್ತುಪಡಿಸಲಾದ ಈ ಪಟ್ಟಿಯು ಇಂದಿಗೂ ಹೆಚ್ಚು ಬದಲಾಗದೆ ಉಳಿದುಬಂದಿರುವುದು ಸ್ವಾರಸ್ಯವಾದ ಸಂಗತಿ. ಮೊದಲನೆಯ ಎಂಟು ಬೈಟುಗಳು ಎಲ್ಲ ಮಾನಿಟರುಗಳಲ್ಲಿಯೂ ಒಂದೇ: ಒಂದು ಸೊನ್ನೆ, ಆರು ಸಲ ೨೫೫, ಮತ್ತೊಂದು ಸೊನ್ನೆ. ಅನಂತರದ ಎರಡು ಬೈಟುಗಳಲ್ಲಿ ತಯಾರಕರ ಹೆಸರು ಮೂರು ಅಕ್ಷರಗಳಲ್ಲಿ ಅಡಗಿರುತ್ತದೆ. ಅಕ್ಷರವೊಂದಕ್ಕೆ ಐದು ಬಿಟ್ಟುಗಳಂತೆ ಹದಿನೈದು ಬಿಟ್ಟುಗಳು ಸಾಕು. ತಯಾರಾದ ವರ್ಷವನ್ನು ಒಂದೇ ಬೈಟಿನಲ್ಲಿ ಬರೆದಿರುತ್ತಾರೆ: ಅಲ್ಲಿ ೩೧ ಎಂದಿದ್ದರೆ ೧೯೯೦ನ್ನು ಕೂಡಿಸಿ ೨೦೨೧ ಎಂದು ಓದಿಕೊಳ್ಳಬೇಕು. ತೆರೆಯ ಉದ್ದ ಅಗಲಗಳು ಸೆಂಟಿಮೀಟರುಗಳಲ್ಲಿಯೂ, ಅದು ಒಪ್ಪುವ ಚಿತ್ರದ ಅಳತೆಗಳು ಮುಂದಿನ ಬೈಟುಗಳಲ್ಲಿಯೂ ಇರುತ್ತವೆ. ಕಟ್ಟಕಡೆಯ ಬೈಟು ಮಾತ್ರ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ೧೨೮ ಬೈಟುಗಳ ಮೊತ್ತವನ್ನು ೨೫೬ರಿಂದ ಭಾಗಿಸಿದರೆ ಶೇಷವು ಸೊನ್ನೆಯಾಗುವಂತೆ ಅದನ್ನು ಆರಿಸಿರುತ್ತಾರೆ. ತಂತಿಯಲ್ಲಿ ಒಂದು ಬಿಟ್ಟು ತಪ್ಪಿದರೂ ಶೇಷ ಸೊನ್ನೆಯಾಗದು. ಪಟ್ಟಿಯು ಕೆಟ್ಟಿದೆಯೆಂದು ಕೂಡಲೇ ಗೊತ್ತಾಗುತ್ತದೆ.

ಈ ಪಟ್ಟಿಯನ್ನು ಓದಿದ ಮೇಲೆಯೇ ಚಿತ್ರದ ರವಾನೆ. ೧೯೨೦ ಅಡ್ಡ ಬಿಂದುಗಳು, ೧೦೮೦ ಸಾಲುಗಳು, ಸೆಕೆಂಡಿಗೆ ೬೦ ಚಿತ್ರಗಳು ಎಂಬ ಸಾಮಾನ್ಯ ಅಳತೆಯನ್ನು ತೆಗೆದುಕೊಳ್ಳೋಣ. ಕಣ್ಣಿಗೆ ಕಾಣುವ ಬಿಂದುಗಳು ೨೦,೭೩,೬೦೦. ಆದರೆ ಪ್ರತಿ ಸಾಲಿನ ಕೊನೆಯಲ್ಲಿಯೂ ಪ್ರತಿ ಚಿತ್ರದ ಕೊನೆಯಲ್ಲಿಯೂ ಸ್ವಲ್ಪ ವಿರಾಮವಿರುತ್ತದೆ. ಕ್ಯಾಥೋಡ್ ಕಿರಣದ ನಳಿಗೆಗಳಿದ್ದ ದಿನಗಳಲ್ಲಿ ಎಲೆಕ್ಟ್ರಾನುಗಳ ಕಿರಣವು ಬಲ ಅಂಚಿನಿಂದ ಎಡ ಅಂಚಿಗೆ ಮರಳಲು ಈ ಬಿಡುವು ಬೇಕಾಗಿದ್ದಿತು. ನಳಿಗೆ ಹೋದರೂ ಬಿಡುವು ಉಳಿದಿದೆ. ಅದನ್ನೂ ಸೇರಿಸಿ ಲೆಕ್ಕವು ೨೨೦೦ × ೧೧೨೫ × ೬೦, ಅಂದರೆ ಸೆಕೆಂಡಿಗೆ ೧೪.೮೫ ಕೋಟಿ ಬಿಂದುಗಳು. ಕೆಂಪು, ಹಸುರು, ನೀಲಿಗಳಿಗೆ ಒಂದೊಂದು ಜೋಡಿ ತಂತಿ. ಪ್ರತಿ ಬಣ್ಣದ ೮ ಬಿಟ್ಟುಗಳನ್ನು ೧೦ ಬಿಟ್ಟುಗಳಾಗಿ ಮಾರ್ಪಡಿಸಿ ಕಳಿಸುವರು. ಆದುದರಿಂದ ಒಂದೊಂದು ಜೋಡಿಯಲ್ಲಿಯೂ ಸೆಕೆಂಡಿಗೆ ೧೪೮.೫ ಕೋಟಿ ಬಿಟ್ಟುಗಳು ಹರಿಯಬೇಕು. ಒಂದು ಬಿಟ್ಟಿನ ಅವಧಿಯಲ್ಲಿ ಬೆಳಕು ನಿರ್ವಾತದಲ್ಲಿ ಸುಮಾರು ೨೦ ಸೆಂಟಿಮೀಟರ್ ಮಾತ್ರ ಚಲಿಸಬಲ್ಲುದು ಎಂದರೆ ಈ ವೇಗದ ಅಂದಾಜು ವಾಚಕರಿಗೆ ಸಿಕ್ಕೀತು.

ಡಿಸ್‌ಪ್ಲೇಪೋರ್ಟ್ ಎಂಬ ಮತ್ತೊಂದು ಬಗೆಯಲ್ಲಿ ಸಂಭಾಷಣೆ ಇನ್ನೂ ದೀರ್ಘವಾದುದು. ಅಲ್ಲಿ ಕಂಪ್ಯೂಟರು ಮೊದಲು ಗೊತ್ತಾದ ಒಂದು ವಿನ್ಯಾಸವನ್ನು ಕಳಿಸಿ, 'ಸರಿಯಾಗಿ ಕೇಳಿಸಿತೆ?' ಎಂದು ವಿಚಾರಿಸಿ, ಇಲ್ಲವೆಂದರೆ ವಿಭವವನ್ನು ಏರಿಸಿಯೋ ವೇಗವನ್ನು ಇಳಿಸಿಯೋ ಮತ್ತೆ ಪ್ರಯತ್ನಿಸುತ್ತದೆ.

ಇಷ್ಟನ್ನೆಲ್ಲ ನಡೆಸುವುದು ಕಂಪ್ಯೂಟರಿನ ಚಿತ್ರ ಚಿಪ್ಪು. ಆ ಚಿಪ್ಪಿಗೆ ಹೀಗೆ ಮಾಡು ಹಾಗೆ ಮಾಡು ಎಂದು ಆಜ್ಞೆ ಕೊಡುವುದು ಡ್ರೈವರ್ ಎಂಬ ಪ್ರೋಗ್ರಾಮು. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲಿನ ಜೊತೆಗೆ ಡ್ರೈವರು ತೀರ ಹತ್ತಿರದ ಒಡನಾಟ ಇಟ್ಟುಕೊಂಡಿರಬೇಕು. ಕರ್ನೆಲು ಬದಲಾದರೆ ಅದಕ್ಕೆ ಹೊಂದುವ ಡ್ರೈವರೂ ಬೇಕು. ಡ್ರೈವರಿಲ್ಲದ ಚಿಪ್ಪು ವಿದ್ಯುದ್ದೃಷ್ಟಿಯಿಂದ ಆರೋಗ್ಯವಾಗಿಯೇ ಇದ್ದರೂ ಮೂಕವಾಗಿ ಕುಳಿತಿರುತ್ತದೆ. ಗಂಟೆ ಒತ್ತಿದರೂ ಬಾಗಿಲು ತೆರೆಯುವವರಿಲ್ಲ.

ಹಾಗಾದರೆ ಲ್ಯಾಪ್‌ಟಾಪಿನ ಸ್ವಂತ ತೆರೆ ಹೇಗೆ ಬೆಳಗುತ್ತಿತ್ತು? ಅಂಗಡಿಯವರ ವಾದಕ್ಕೆ ಬಲವಿದ್ದುದು ಇಲ್ಲಿಯೇ: 'ಡ್ರೈವರ್ ಕೆಟ್ಟಿದ್ದರೆ ಎರಡೂ ತೆರೆ ಕೆಡಬೇಕು.' ಈ ಮಾತು ಕೇಳಲು ಸಮಂಜಸವಾಗಿದೆ. ಆದರೆ ಚಿತ್ರ ಚಿಪ್ಪು ಒಂದೇ ಎಂದು ಅದು ಮೊದಲೇ ಭಾವಿಸಿಕೊಂಡಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಅಂತಹ ಚಿಪ್ಪುಗಳು ಎರಡು. ಮುಖ್ಯ ಸಂಸ್ಕಾರಕದೊಳಗೇ ಸೇರಿಕೊಂಡಿರುವ, ಕಡಮೆ ವಿದ್ಯುತ್ತಿನಿಂದ ನಡೆಯುವ ಒಂದು; ಭಾರಿ ಕೆಲಸಕ್ಕೆಂದು ಪ್ರತ್ಯೇಕವಾಗಿ ಇಟ್ಟಿರುವ ಇನ್ನೊಂದು. ಇಂತಹ ಹಲವು ಯಂತ್ರಗಳಲ್ಲಿ ಒಳತೆರೆಯ ತಂತಿ ಮೊದಲನೆಯದಕ್ಕೂ ಎಚ್‌ಡಿಎಮ್‌ಐ ಪೋರ್ಟಿನ ತಂತಿ ಎರಡನೆಯದಕ್ಕೂ ಸೇರಿರುತ್ತವೆ. ಎರಡನೆಯದರ ಡ್ರೈವರು ಮಾತ್ರ ಕೆಟ್ಟರೆ ಹೊರತೆರೆ ಮಾತ್ರ ಕಪ್ಪಾಗುವುದು ಸಹಜ.

ಇದು ಸಾಧ್ಯವೆಂದಾಯಿತು, ನಿಜವೆಂದಾಗಲಿಲ್ಲ. ಆದುದರಿಂದ ನಾವು ಪರೀಕ್ಷೆಗೆ ತೊಡಗಿದೆವು. ಮೊದಲನೆಯದಕ್ಕೆ ಅರ್ಧ ನಿಮಿಷ ಸಾಕಾಯಿತು. ಯಂತ್ರವನ್ನು ಪೂರ್ಣವಾಗಿ ಆರಿಸಿ, ಪ್ರೊಜೆಕ್ಟರಿನ ಕೇಬಲನ್ನು ಚುಚ್ಚಿ, ಮತ್ತೆ ಹಚ್ಚಿದೆವು. ಆಪರೇಟಿಂಗ್ ಸಿಸ್ಟಂ ಏಳುವುದಕ್ಕೆ ಮುಂಚೆ, ಯಂತ್ರದೊಳಗೇ ಬರೆದಿಟ್ಟಿರುವ ಆರಂಭದ ಪ್ರೋಗ್ರಾಮು ತಯಾರಕರ ಚಿಹ್ನೆಯನ್ನು ತೋರಿಸುತ್ತದೆಯಷ್ಟೆ. ಆ ಚಿಹ್ನೆ ಗೋಡೆಯ ಮೇಲೆ ಎರಡು ಗಳಿಗೆ ಮೂಡಿ ಮಾಯವಾಯಿತು! ಪೋರ್ಟು, ಕೇಬಲು, ಪ್ರೊಜೆಕ್ಟರು, ಚಿಪ್ಪು ಇವಾವುವೂ ಸುಟ್ಟಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಒಂದು ಎಚ್ಚರಿಕೆ: ಚಿಹ್ನೆ ಮೂಡದಿದ್ದಲ್ಲಿ ಪೋರ್ಟು ಕೆಟ್ಟಿದೆಯೆಂದು ಹೇಳಲಾಗುತ್ತಿರಲಿಲ್ಲ. ಏಕೆಂದರೆ ಕೆಲವು ಯಂತ್ರಗಳು ಆ ಹಂತದಲ್ಲಿ ಒಳತೆರೆಯನ್ನು ಮಾತ್ರ ಬೆಳಗಿಸುತ್ತವೆ. ಈ ಪರೀಕ್ಷೆಯಲ್ಲಿ 'ಹೌದು' ಎಂಬುದಕ್ಕೆ ಇರುವ ತೂಕ 'ಇಲ್ಲ' ಎಂಬುದಕ್ಕೆ ಇಲ್ಲ. ವಿದ್ಯಾರ್ಥಿಗಳು ಪ್ರಯೋಗಶಾಲೆಯ ಇತರ ಪರೀಕ್ಷೆಗಳಲ್ಲಿಯೂ ಈ ಭೇದವನ್ನು ಮರೆಯುವುದುಂಟು.

ಎರಡನೆಯ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಲಿನಕ್ಸ್ ಕರ್ನೆಲು ತಾನು ಗುರುತಿಸಿದ ಪ್ರತಿಯೊಂದು ಚಿತ್ರಪೋರ್ಟಿಗೂ ಒಂದು ಫೋಲ್ಡರನ್ನು ತೆರೆದಿಡುತ್ತದೆ. ಅದರೊಳಗೆ 'ಸ್ಟೇಟಸ್' ಎಂಬ ಕಡತದಲ್ಲಿ ಮಾನಿಟರು ಸೇರಿದೆಯೋ ಇಲ್ಲವೋ ಎಂದು ಬರೆದಿರುತ್ತದೆ. 'ಇಡಿಐಡಿ' ಎಂಬ ಕಡತದಲ್ಲಿ ಮೇಲೆ ಹೇಳಿದ ಜಾತಕವಿರುತ್ತದೆ. ಮೂರು ಬಗೆಯ ಫಲ ಬರಬಹುದು. ಫೋಲ್ಡರಿದ್ದು 'ಸೇರಿಲ್ಲ' ಎಂದಿದ್ದರೆ ೧೯ನೆಯ ಪಿನ್ನಿನ ಸುದ್ದಿ ತಲಪುತ್ತಿಲ್ಲವೆಂದು ಊಹಿಸಿ ಕೇಬಲನ್ನೂ ಪೋರ್ಟನ್ನೂ ಶಂಕಿಸಬೇಕು. 'ಸೇರಿದೆ' ಎಂದಿದ್ದೂ ತೆರೆ ಕಪ್ಪಾಗಿದ್ದರೆ ಜಾತಕವನ್ನೂ ಚಿತ್ರದ ಅಳತೆಯನ್ನೂ ನೋಡಬೇಕು. ಫೋಲ್ಡರೇ ಇಲ್ಲವಾದರೆ? ಆಗ ಅಂತಹ ಪೋರ್ಟೊಂದಿದೆಯೆಂಬುದೇ ಕರ್ನೆಲಿಗೆ ತಿಳಿಯದು. ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಒಳತೆರೆಯ ಫೋಲ್ಡರೊಂದೇ ಇದ್ದಿತು. ಯಂತ್ರದೊಳಗಿನ ಸಾಧನಗಳ ಪಟ್ಟಿಯನ್ನು ತೆರೆದಾಗ ಎರಡನೆಯ ಚಿತ್ರ ಚಿಪ್ಪಿನ ಹೆಸರು ಅಲ್ಲಿತ್ತು. ಅದನ್ನು ನಡೆಸುತ್ತಿರುವ ಡ್ರೈವರಿನ ಹೆಸರು ಇರಲಿಲ್ಲ.

ಡ್ರೈವರು ಡಿಸ್ಕಿನಲ್ಲಿ ಇತ್ತು. ಹೊಸ ಕರ್ನೆಲಿಗೆ ಹೊಂದುವಂತೆ ಹೊಸದಾಗಿ ಸಿದ್ಧವೂ ಆಗಿತ್ತು. ಕರ್ನೆಲಿನ ದಿನಚರಿಯನ್ನು ಓದಿದಾಗ ಸಂಗತಿ ಹೊರಬಿದ್ದಿತು: ಆ ಡ್ರೈವರಿನ ಮೇಲಿದ್ದ ಸಹಿಯ ಕೀಲಿ ತನಗೆ ಪರಿಚಿತವಲ್ಲವೆಂದು ಕರ್ನೆಲು ಅದನ್ನು ಒಳಗೆ ಬಿಟ್ಟಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೆಕ್ಯೂರ್ ಬೂಟ್ ಎಂಬ ಕಾವಲಿನ ಏರ್ಪಾಡು ಜಾರಿಯಲ್ಲಿರುವ ಯಂತ್ರದಲ್ಲಿ, ತಿಳಿದ ಕೀಲಿಯಿಂದ ಸಹಿಯಾಗದ ಡ್ರೈವರನ್ನು ಕರ್ನೆಲು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಏರಿಕೆಯ ಸಮಯದಲ್ಲಿ ಡ್ರೈವರನ್ನು ಆ ಯಂತ್ರದಲ್ಲಿಯೇ ಸಿದ್ಧಪಡಿಸಿ, ಆ ಯಂತ್ರದಲ್ಲಿಯೇ ಹುಟ್ಟಿಸಿದ ಹೊಸ ಕೀಲಿಯಿಂದ ಸಹಿಮಾಡಲಾಗಿದ್ದಿತು. ಈ ಕೀಲಿಯನ್ನು ಯಂತ್ರದ ಒಡೆಯನು ತಾನೇ ಕೀಲಿಮಣೆಯ ಮುಂದೆ ಕುಳಿತು, ಆಪರೇಟಿಂಗ್ ಸಿಸ್ಟಂ ಏಳುವ ಮುಂಚೆ, ಪರಿಚಯಿಸಿಕೊಡಬೇಕು. ದೂರದಿಂದ ನುಸುಳಿದ ಕಳ್ಳನು ತನ್ನ ಕೀಲಿಯನ್ನು ತಾನೇ ಪರಿಚಯಿಸಿಕೊಳ್ಳಬಾರದೆಂಬುದು ಇದರ ಉದ್ದೇಶ. ಅದಕ್ಕಾಗಿ ಏರಿಕೆಯ ವೇಳೆ ಒಂದು ತಾತ್ಕಾಲಿಕ ಗುಪ್ತಪದವನ್ನು ಕೇಳಿ, ಮರುಪ್ರಾರಂಭದಲ್ಲಿ ನೀಲಿ ಬಣ್ಣದ ಒಂದು ಪರದೆಯನ್ನು ತೋರಿಸುತ್ತಾರೆ. ಅದು ಕೆಲವು ಸೆಕೆಂಡು ಮಾತ್ರ ಕಾಯುತ್ತದೆ. ಯಾರೂ ಉತ್ತರ ಕೊಡದಿದ್ದರೆ ಕೋರಿಕೆಯನ್ನು ಕೈಬಿಟ್ಟು ಎಂದಿನಂತೆ ಮುಂದಕ್ಕೆ ಹೋಗುತ್ತದೆ.

'ನೀಲಿ ಪರದೆಯೊಂದು ಬಂದಿತ್ತೇ?' ಎಂದು ಕೇಳಿದೆವು. 'ಬಂದಿತ್ತು ಸಾರ್. ಯಂತ್ರ ಕೆಟ್ಟಿತೆಂದು ಹೆದರಿ ಮುಂದಕ್ಕೆ ಒತ್ತಿಬಿಟ್ಟೆ' ಎಂದನು.

ಪರಿಹಾರಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಕೀಲಿಯನ್ನು ಸೇರಿಸುವ ಕೋರಿಕೆಯನ್ನು ಮತ್ತೆ ಸಲ್ಲಿಸಿ, ಗುಪ್ತಪದವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಯಂತ್ರವನ್ನು ಮರುಪ್ರಾರಂಭಿಸಿದೆವು. ನೀಲಿ ಪರದೆಯಲ್ಲಿ ಕೀಲಿಯನ್ನು ಸೇರಿಸುವ ಆಯ್ಕೆಯನ್ನು ಅವನ ಕೈಯಿಂದಲೇ ಒತ್ತಿಸಿದೆವು. ಯಂತ್ರ ಎದ್ದ ಮೇಲೆ ಎಚ್‌ಡಿಎಮ್‌ಐ ಫೋಲ್ಡರು ಕಾಣಿಸಿತು. ಸ್ಟೇಟಸ್ ಕಡತದಲ್ಲಿ 'ಸೇರಿದೆ'. ಗೋಡೆಯ ಮೇಲೆ ಎರಡು ಲೋಲಕಗಳು ಒಂದರ ಶಕ್ತಿಯನ್ನು ಇನ್ನೊಂದಕ್ಕೆ ಕೊಡುತ್ತ ಪಡೆಯುತ್ತ ತೂಗಾಡತೊಡಗಿದುವು. ಹುಡುಗನು ಅಂಗಡಿಯ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡನು. ಸೆಕ್ಯೂರ್ ಬೂಟನ್ನೇ ಆರಿಸಿಬಿಟ್ಟರೂ ಪೋರ್ಟು ಎಚ್ಚರಗೊಳ್ಳುತ್ತಿತ್ತೆಂಬುದು ನಿಜ, ಹಲವರು ಹಾಗೆಯೇ ಮಾಡುವರು. ಒಂದು ಚಿಲಕ ಬಿಗಿಯಾಗಿದೆಯೆಂದು ಮನೆಯ ಬಾಗಿಲನ್ನೇ ಕಿತ್ತಿಡುವುದು ನಮಗೆ ಒಪ್ಪಿಗೆಯಲ್ಲ.

ಎಲ್ಲ ಯಂತ್ರಗಳಲ್ಲಿಯೂ ಕಾರಣ ಇದೇ ಆಗಿರಬೇಕಿಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಏರಿಕೆಯ ಅನಂತರ ಸರಿಯಾದ ಡ್ರೈವರು ದೊರೆಯದಿದ್ದರೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ಬದಲಿ ಡ್ರೈವರು ಕೆಲಸಕ್ಕೆ ನಿಲ್ಲುತ್ತದೆ. ಅದು ಒಂದು ತೆರೆಯನ್ನು ಹೇಗೋ ಬೆಳಗಿಸುತ್ತದೆ. ಎರಡನೆಯದು ಅದಕ್ಕೆ ಸಾಧ್ಯವಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಈ ಹೆಸರು ಕಂಡರೆ ಯಂತ್ರದ ತಯಾರಕರ ಡ್ರೈವರನ್ನು ಹಾಕತಕ್ಕದ್ದು. ಹೊಸ ಡ್ರೈವರಿನಿಂದಲೇ ತೊಂದರೆಯಾದಂತೆ ಕಂಡರೆ ಹಿಂದಿನದಕ್ಕೆ ಮರಳುವ ಅನುಕೂಲವೂ ಅಲ್ಲಿಯೇ ಉಂಟು. ಇದಕ್ಕೂ ಮುಂಚೆ ವಿಂಡೋಸ್ ಕೀಲಿಯನ್ನೂ ಪಿ ಅಕ್ಷರವನ್ನೂ ಒಟ್ಟಿಗೆ ಒತ್ತಿ, 'ಈ ತೆರೆ ಮಾತ್ರ' ಎಂಬ ಆಯ್ಕೆ ಆಗಿಹೋಗಿಲ್ಲವಷ್ಟೆ ಎಂದು ನೋಡುವುದು ಒಳ್ಳೆಯದು. ನಾವೇ ಒಮ್ಮೆ ಇದನ್ನು ನೋಡದೆ ಒಂದು ಗಂಟೆ ಕಳೆದಿದ್ದೇವೆ.

೨೦೧೮ರ ಮಾರ್ಚಿನಲ್ಲಿ ಹೊರಬಂದ ಮ್ಯಾಕ್ ಓಎಸ್ ೧೦.೧೩.೪ರ ಪ್ರಸಂಗವು ಬೇರೆ ಬಗೆಯದು. ಡಿಸ್‌ಪ್ಲೇಲಿಂಕ್ ಎಂಬ ಏರ್ಪಾಡಿನ ಅಡಾಪ್ಟರುಗಳು ಯುಎಸ್‌ಬಿ ಪೋರ್ಟಿನ ಮೂಲಕ ಮಾನಿಟರನ್ನು ನಡೆಸುತ್ತವೆ. ಇಲ್ಲಿ ಚಿತ್ರ ಚಿಪ್ಪಿನಿಂದ ನೇರವಾಗಿ ತಂತಿಗೆ ಸಂಕೇತ ಹೋಗುವುದಿಲ್ಲ. ಒಂದು ಪ್ರೋಗ್ರಾಮು ತೆರೆಯ ಚಿತ್ರವನ್ನು ಹಿಡಿದು, ಸಂಕುಚಿಸಿ, ಸಾಮಾನ್ಯ ದತ್ತಾಂಶದಂತೆ ಸಾಗಿಸುತ್ತದೆ. ಆ ಆವೃತ್ತಿ ಬಂದೊಡನೆ ಇಂತಹ ಹೊರತೆರೆಗಳು ಕಪ್ಪಾದುವು; ಅದೇ ಯಂತ್ರಕ್ಕೆ ನೇರವಾಗಿ ಸೇರಿಸಿದ ಮಾನಿಟರುಗಳು ಎಂದಿನಂತೆ ನಡೆದುವು. ಆದುದರಿಂದ ಅಡಾಪ್ಟರಿನ ಮೂಲಕ ಹೋಗುವ ಮಾನಿಟರು ಏರಿಕೆಯ ಅನಂತರ ಕೆಟ್ಟರೆ, ಆ ಅಡಾಪ್ಟರು ಯಾವ ಜಾತಿಯದೆಂದು ಮೊದಲು ವಿಚಾರಿಸಬೇಕು.

ಕೊನೆಯದಾಗಿ, ಹೊಸ ಡ್ರೈವರು ಹಳೆಯದಕ್ಕಿಂತ ಸಮರ್ಥವಾದುದರಿಂದಲೇ ತೊಂದರೆ ಬರುವುದೂ ಉಂಟು. ಹಿಂದೆ ೩೮೪೦ × ೨೧೬೦ರ ಮಾನಿಟರನ್ನು ಸೆಕೆಂಡಿಗೆ ೩೦ ಚಿತ್ರಗಳಲ್ಲಿ ನಡೆಸುತ್ತಿದ್ದ ಯಂತ್ರವು ಏರಿಕೆಯ ಅನಂತರ ೬೦ಕ್ಕೆ ಹಾರಿತೆನ್ನೋಣ. ಬಿಂದುಗಳ ಲೆಕ್ಕವು ೨೯.೭ ಕೋಟಿಯಿಂದ ೫೯.೪ ಕೋಟಿಗೆ ಏರುತ್ತದೆ. ಒಂದು ಬಿಟ್ಟಿನ ಅವಧಿಯಲ್ಲಿ ಬೆಳಕು ಐದು ಸೆಂಟಿಮೀಟರನ್ನಷ್ಟೇ ದಾಟುತ್ತದೆ. ಅಗ್ಗದ ಹಳೆಯ ಕೇಬಲು ಇದನ್ನು ತಾಳದೆ ತೆರೆ ಮಿಣುಕಿ ಮಿಣುಕಿ ಕಪ್ಪಾಗುತ್ತದೆ. ಆಗ ಸೆಟ್ಟಿಂಗ್ಸಿಗೆ ಹೋಗಿ ೩೦ಕ್ಕೆ ಇಳಿಸಿ ನೋಡಬೇಕು. ಚಿತ್ರ ನಿಂತರೆ ಪೋರ್ಟನ್ನೂ ಡ್ರೈವರನ್ನೂ ಬಿಟ್ಟು ಕೇಬಲನ್ನು ಬದಲಾಯಿಸಬೇಕು.