ಇಳಿಯೊಲ್ಲ ಎನ್ನುವವರ ಪಾಲಿನ ದುಡ್ಡು

ಗುಂಪು ಕಟ್ಟಿಕೊಂಡು ಸ್ಕೂಬಾ ಡೈವಿಂಗ್‌ಗೆ ಹೊರಟವರ ಲೆಕ್ಕದ ಹಾಳೆಯಲ್ಲಿ ಸಾಮಾನ್ಯವಾಗಿ ಮೊದಲ ಸಾಲು ವಿಮಾನದ ಟಿಕೆಟ್, ಎರಡನೆಯದು ರೂಮು, ಮೂರನೆಯದು ಡೈವಿಂಗ್. ನಮ್ಮ ಅಂಡಮಾನ್ ಪ್ರವಾಸಕ್ಕೆ ನಾನು ಬರೆದ ಹಾಳೆಯ ಮೊದಲ ಸಾಲೇ ಬೇರೆ ಇತ್ತು: ಬೆಳಿಗ್ಗೆ ನೀರಿಗೆ ಇಳಿಯುವ ಹೊತ್ತಿಗೆ ಯಾರಾದರೂ "ನಾನು ಇಳಿಯೊಲ್ಲ" ಅಂದರೆ ಆ ದುಡ್ಡು ಯಾರ ತಲೆಗೆ? ಇದಕ್ಕೆ ಉತ್ತರ ಸಿಗುವವರೆಗೆ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕಟ್ಟುವುದು ಬೇಡ ಅಂತ ಹಟ ಹಿಡಿದೆ.

ಹಟಕ್ಕೆ ಕಾರಣವಿದೆ. ಬೇರೆ ಪ್ರವಾಸಗಳಲ್ಲಿ ದುಡ್ಡು ಕಟ್ಟಿದ್ದೇವಲ್ಲ ಅಂತ ಮನಸ್ಸಿಲ್ಲದೆ ಹೋದರೆ ಕಾಲು ನೋಯುತ್ತದೆ, ಅಷ್ಟೆ. ಸಮುದ್ರದಲ್ಲಿ ಹತ್ತು ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಮೈಮೇಲಿನ ಒತ್ತಡ ಎರಡು ಪಟ್ಟಾಗಿರುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು. ಇಲ್ಲಿ ಮೊದಲ ಒಂದೆರಡು ಮೀಟರ್‌ಗೇ ಅದಕ್ಕಿಂತ ಜೋರಾಗಿ ಕಿವಿ ಹಿಡಿಯುತ್ತದೆ. ನೆಗಡಿ ಇದ್ದವರು, ರಾತ್ರಿ ನಿದ್ದೆಗೆಟ್ಟವರು, ಒಳಗೊಳಗೇ ಹೆದರಿದವರು "ಕಟ್ಟಿದ್ದು ದಂಡವಾಗುತ್ತದಲ್ಲ" ಅಂತ ಇಳಿದರೆ ಕಿವಿಯ ತಮಟೆ ಹರಿಯಬಹುದು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶಕ್ಕೇ ಪೆಟ್ಟಾಗಬಹುದು. ಹಾಗಾಗಿ ಬೇಡ ಅನ್ನುವುದು ಯಾರಿಗೂ ದುಬಾರಿಯಾಗದಂತೆ ಬಜೆಟ್ ಕಟ್ಟುವುದು ನನ್ನ ಮಟ್ಟಿಗೆ ಸುರಕ್ಷತೆಯ ಮೊದಲ ಕೆಲಸ.

ನಾವು ಒಂಬತ್ತು ಮಂದಿ. ನಾನು, ನಮ್ಮವರು, ಮೈದುನ, ಓರಗಿತ್ತಿ, ಕಾಲೇಜು ಓದುತ್ತಿರುವ ಅವರ ಮಗಳು, ನನ್ನ ತಮ್ಮ, ಅವನ ಇಬ್ಬರು ಗೆಳೆಯರು, ಜೊತೆಗೆ ಅರವತ್ತು ದಾಟಿದ ಚಿಕ್ಕಪ್ಪ. ತಮ್ಮ ಮತ್ತು ಗೆಳೆಯರ ಹತ್ತಿರ ಆಗಲೇ ಡೈವಿಂಗ್ ಸರ್ಟಿಫಿಕೇಟ್ ಇತ್ತು. ನಾವು ದಂಪತಿ ಮತ್ತು ಹುಡುಗಿ ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಕೋರ್ಸ್ ಮಾಡುವವರು. ಮೈದುನ, ಓರಗಿತ್ತಿಗೆ ಒಂದೇ ಒಂದು ಸಲ ಇಳಿದು ನೋಡಿದರೆ ಸಾಕಿತ್ತು. ಇಂಥ ಗುಂಪಿನಲ್ಲಿ "ಒಟ್ಟು ಖರ್ಚು ಭಾಗಿಸು ಒಂಬತ್ತು" ಅಂದರೆ ಜಗಳ ಖಂಡಿತ. ಆದ್ದರಿಂದ ಎರಡು ಖಾತೆ ಮಾಡಿದೆ. ವಿಮಾನ, ಫೆರಿ, ರೂಮು, ಊಟ, ಓಡಾಟ ಸಾಮಾನ್ಯ ಖಾತೆಗೆ. ಅದು ತಲೆಗೆ ಸುಮಾರು 37,000 ರೂಪಾಯಿ ಬಂತು. ಒಬ್ಬರೇ ಇರುವ ಚಿಕ್ಕಪ್ಪನ ರೂಮಿನ ಹೆಚ್ಚುವರಿಯನ್ನೂ ಎಲ್ಲರ ಮೇಲೆ ಹಂಚಿದೆ, ಹಿರಿಯರನ್ನು ಕರೆದುಕೊಂಡು ಹೋಗಿ ಒಂಟಿ ರೂಮಿನ ದಂಡ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಡೈವಿಂಗ್ ಮಾತ್ರ ಅವರವರ ಸ್ವಂತ ಖಾತೆ. ನಮಗೆ ಬಂದ ಕೊಟೇಶನ್‌ಗಳಲ್ಲಿ ಕೋರ್ಸ್‌ಗೆ 35,000ದ ಆಸುಪಾಸು, ಸರ್ಟಿಫಿಕೇಟ್ ಇದ್ದವರಿಗೆ ದೋಣಿಯಲ್ಲಿ ಕರೆದೊಯ್ದು ಎರಡು ಡೈವ್ ಮಾಡಿಸಲು 7,500, ಮೊದಲ ಬಾರಿಯವರಿಗೆ 5,500 ಇತ್ತು.

ಇವೆರಡರ ಮೇಲೆ ಒಂದು ಮೀಸಲು. ತಲೆಗೆ 3,000, ಒಟ್ಟು 27,000. ಯಾರಾದರೂ ಯಾವುದೇ ಹೊತ್ತಿನಲ್ಲಿ ಬೇಡ ಅಂದರೆ ವಾಪಸ್ ಬಾರದ ಡೈವಿಂಗ್ ಶುಲ್ಕವನ್ನು ಈ ಮೀಸಲು ತುಂಬಿಕೊಡುತ್ತದೆ. ಕಾರಣ ಕೇಳುವಂತಿಲ್ಲ. ಕೊನೆಗೆ ಉಳಿದದ್ದು, ತೆಗೆದುಕೊಂಡವರು ತೆಗೆದುಕೊಳ್ಳದವರು ಎಂಬ ಭೇದವಿಲ್ಲದೆ, ಒಂಬತ್ತು ಪಾಲು.

ತಮ್ಮ ಒಪ್ಪಲಿಲ್ಲ. "ಅಕ್ಕಾ, ಇಳಿಯದೇ ಇರೋರ ಫೀಸು ನಾವ್ಯಾಕೆ ಕೊಡ್ಬೇಕು?" ಅಂದ. ಅವನ ಪ್ರಶ್ನೆ ತಪ್ಪಲ್ಲ. ಆದರೆ ನೀರಿನ ಕೆಳಗೆ ಎಲ್ಲರೂ ಜೋಡಿ ಜೋಡಿಯಾಗಿ ಹೋಗುವುದು. ಒಲ್ಲದ ಮನಸ್ಸಿನಿಂದ ಇಳಿದವರು ಅಲ್ಲಿ ಗಾಬರಿಬಿದ್ದರೆ ಜೊತೆಗಾರರ ಡೈವ್ ಕೂಡ ಅಲ್ಲಿಗೇ ಮುಗಿಯಿತು. ಅವನ 7,500 ಉಳಿಯಬೇಕಾದರೆ ಈ 3,000 ಇರಬೇಕು. ಹೀಗೆ ಹೇಳಿದ ಮೇಲೆ ಅವನೇ ಮೊದಲು ಕಳಿಸಿದ.

ದುಡ್ಡು ಎಲ್ಲಿಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಒಂಬತ್ತು ಜನರ ಹಣ ತಿಂಗಳುಗಟ್ಟಲೆ ಒಬ್ಬರ ಖಾತೆಯಲ್ಲಿ ಕೂರುವುದು ಒಳ್ಳೆಯದಲ್ಲ. ಬಡ್ಡಿ ಅವರ ಆದಾಯವಾಗುತ್ತದೆ, ಮನೆಯ ತುರ್ತಿಗೆ ಕೈಹಾಕುವ ಆಸೆಯೂ ಹುಟ್ಟುತ್ತದೆ. ಚೀಟಿಯಂತೂ ಬೇಡವೇ ಬೇಡ. ನಾವು ತಲೆಗೊಂದು ಆರ್‌ಡಿ ಮಾಡಿಕೊಂಡೆವು. ಫೆಬ್ರವರಿಗೆ ಹೊರಡುವುದಾದರೆ ಹಿಂದಿನ ಜೂನ್‌ನಿಂದ ತಿಂಗಳಿಗೆ 5,000 ಕಟ್ಟಿದರೆ ಸಾಮಾನ್ಯ ಖಾತೆ ಮತ್ತು ಮೀಸಲು ತುಂಬುತ್ತದೆ. ಟಿಕೆಟ್‌ಗೆ ಹಣ ನಡುವೆಯೇ ಬೇಕಾಗುತ್ತದೆ, ಅದನ್ನು ಉಳಿತಾಯ ಖಾತೆಯಿಂದ ಕೊಟ್ಟು ಆಮೇಲೆ ತುಂಬಿಕೊಳ್ಳಬಹುದು. ತಾರೀಖು ಗೊತ್ತಿರುವ ಖರ್ಚನ್ನು ಷೇರು ಫಂಡುಗಳಲ್ಲಿ ಇಡಬಾರದು. "ನೋ ಕಾಸ್ಟ್ ಇಎಂಐ" ಅಂತ ಬಂದ ಆಮಿಷವನ್ನೂ ಬಿಟ್ಟೆವು. ಬಡ್ಡಿಯ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಸೇರಿಸಿದರೆ ಅದು ಪುಕ್ಕಟೆಯಲ್ಲ.

ವಿಮಾನದ ಟಿಕೆಟ್‌ನಲ್ಲಿ ಒಂದು ಸೂಕ್ಷ್ಮವಿದೆ. ವೆಬ್‌ಸೈಟ್‌ನಲ್ಲಿ ಒಂಬತ್ತು ಸೀಟು ಒಟ್ಟಿಗೆ ಕೇಳಿದಾಗ ಕಡಿಮೆ ದರದ್ದು ನಾಲ್ಕೇ ಉಳಿದಿದ್ದರೆ, ಒಂಬತ್ತಕ್ಕೂ ಮೇಲಿನ ದರವೇ ಬೀಳುತ್ತದೆ. ಮೊದಲು ಒಂದು ಸೀಟಿನ ದರ ನೋಡಿ, ಆಮೇಲೆ ಒಂದೊಂದೇ ಹೆಚ್ಚಿಸುತ್ತ ಹೋದರೆ ಎಲ್ಲಿ ಏರುತ್ತದೆ ಅಂತ ಕಾಣುತ್ತದೆ. ನಾವು ಮೂರು ಗುಂಪಾಗಿ ಕೊಂಡೆವು, ಒಂದು ಸಂಸಾರ ಒಂದೇ ಪಿಎನ್ಆರ್‌ನಲ್ಲಿ ಇರುವಂತೆ ನೋಡಿಕೊಂಡೆವು. ವಿಮಾನ ರದ್ದಾದರೆ ಬೇರೆ ಬೇರೆ ಪಿಎನ್ಆರ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಿಬಿಡುತ್ತಾರೆ.

ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಎಲ್‌ಟಿಎ (ರಜೆ ಪ್ರವಾಸ ಭತ್ಯೆ) ವಿನಾಯಿತಿ ಸಿಗುತ್ತದೆ, ಆದರೆ ಪ್ರಯಾಣದ ದರಕ್ಕೆ ಮಾತ್ರ. ರೂಮು, ಊಟ, ಡೈವಿಂಗ್ ಅದರಲ್ಲಿ ಬರುವುದಿಲ್ಲ. ಕೇಂದ್ರ ಸರಕಾರಿ ನೌಕರರಿಗೆ ತವರೂರಿನ ಎಲ್‌ಟಿಸಿಯನ್ನು ಅಂಡಮಾನ್ ಪ್ರವಾಸಕ್ಕೆ ಬದಲಾಯಿಸಿಕೊಳ್ಳುವ ಅವಕಾಶವನ್ನು ಸರಕಾರ ವಿಸ್ತರಿಸುತ್ತಲೇ ಬಂದಿದೆ. ನಮ್ಮ ಮೈದುನ ಅದನ್ನೇ ಬಳಸಿಕೊಂಡ. ಎರಡಕ್ಕೂ ದಾಖಲೆ ಬೇಕು, ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಈಗ ಡೈವಿಂಗ್ ಕೊಟೇಶನ್. ಹ್ಯಾವ್‌ಲಾಕ್‌ನಲ್ಲಿ (2018ರಿಂದ ಅದು ಸ್ವರಾಜ್ ದ್ವೀಪ) ಡೈವಿಂಗ್ ಕೇಂದ್ರಗಳು ಹತ್ತಾರು. ಬೆಲೆಗಿಂತ ಮೊದಲು ಕೇಳಬೇಕಾದ್ದು, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು? ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದ ಪ್ರಕಾರ ಓಪನ್ ವಾಟರ್ ಕೋರ್ಸಿನಲ್ಲಿ ಎಂಟು ಮಂದಿಯ ತನಕ ಇರಬಹುದು. ಕಡಿಮೆ ದರ ಹೇಳಿದ ಕಡೆ ಈ ಸಂಖ್ಯೆ ಮೇಲಕ್ಕೆ ಹೋಗುವುದನ್ನು ನಾನು ಕಂಡೆ. ನಾವು ಮೂವರಿಗೆ ಒಬ್ಬರು ಸಿಗುವ ಕಡೆಗೆ ಹೆಚ್ಚು ಕೊಟ್ಟೆವು, ಅದಕ್ಕಾಗಿ ರೂಮಿನಲ್ಲಿ ಎಸಿ ಬಿಟ್ಟೆವು. ಮತ್ತೆ ಕೇಳಬೇಕಾದವು: ಸರ್ಟಿಫಿಕೇಟಿನ ಶುಲ್ಕ ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ, ಹವಾಮಾನ ಕೆಟ್ಟು ಅವರೇ ರದ್ದು ಮಾಡಿದರೆ ಎಷ್ಟು ವಾಪಸ್, ನಾವು ರದ್ದು ಮಾಡಿದರೆ ಎಷ್ಟು. ಉತ್ತರ ವಾಟ್ಸಾಪ್‌ನಲ್ಲಾದರೂ ಸರಿ, ಬರಹದಲ್ಲಿ ಬರಲಿ. ಕೋರ್ಸಿನ ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಓದಿ ಮುಗಿಸಿದರೆ ದ್ವೀಪದಲ್ಲಿ ಸಮಯ, ರೂಮಿನ ಬಾಡಿಗೆ ಎರಡೂ ಉಳಿಯುತ್ತವೆ. ಸಾಮಾನು ಕೊಳ್ಳುವ ಆಸೆ ಇದ್ದರೆ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಒಂದನ್ನು ಕೊಳ್ಳಿ. ಉಳಿದದ್ದು ಬಾಡಿಗೆಗೆ ಸಿಗುತ್ತದೆ.

ಕೋರ್ಸ್‌ಗೆ 35,000 ಸುರಿಯುವ ಮೊದಲು ನೀರು ತನಗೆ ಒಗ್ಗುತ್ತದೆಯೇ ಅಂತ ನೋಡಲು ಅಂಡಮಾನ್‌ವರೆಗೆ ಹೋಗಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದ ದಿನದಿಂದ ನಮ್ಮ ಹುಡುಗಿಗೆ ನೇತ್ರಾಣಿ ದ್ವೀಪದ ಧ್ಯಾನ. ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ಗಂಟೆಗೂ ಹೆಚ್ಚು ಹೊತ್ತು ಅಲೆಗಳ ಮೇಲೆ ಕೂತು, ನೇತ್ರಾಣಿಯಲ್ಲಿ ಇಳಿದು ಬಂದಳು. ವಾಂತಿಯಾಗಲಿಲ್ಲ, ಹೆದರಿಕೆಯಾಗಲಿಲ್ಲ, ಕಿವಿ ಸರಿಯಾಗಿ ಬಿಟ್ಟುಕೊಂಡಿತು. ಆಮೇಲೆ ಅವಳ ಕೋರ್ಸಿನ ಹಣ ಕಟ್ಟಿದೆವು.

ವೈದ್ಯಕೀಯ ಫಾರಂ ಅನ್ನು ಮಾತ್ರ ಎಲ್ಲಕ್ಕಿಂತ ಮೊದಲು ತುಂಬಬೇಕು. ಡೈವಿಂಗ್ ಸಂಸ್ಥೆಗಳು ಬಳಸುವ ಪ್ರಶ್ನಾವಳಿ ಅಂತರ್ಜಾಲದಲ್ಲೇ ಸಿಗುತ್ತದೆ. ಆಸ್ತಮಾ, ಹೃದಯ, ಕಿವಿಯ ಶಸ್ತ್ರಚಿಕಿತ್ಸೆ, ನಲವತ್ತೈದು ದಾಟಿದವರಿಗೆ ರಕ್ತದೊತ್ತಡ, ಕೊಲೆಸ್ಟರಾಲ್ ಇತ್ಯಾದಿ. ಇಂಥವುಗಳಿಗೆ "ಹೌದು" ಅಂತ ಬಂದರೆ ವೈದ್ಯರ ಸಹಿ ಇಲ್ಲದೆ ನೀರಿಗೆ ಬಿಡುವುದಿಲ್ಲ. ಇದನ್ನು ದ್ವೀಪದಲ್ಲಿ, ಹಣ ಕಟ್ಟಿದ ಮೇಲೆ ತುಂಬುವವರಿಗೆ "ಇಲ್ಲ" ಅಂತ ಬರೆದುಬಿಡುವ ಆಸೆ ಹುಟ್ಟುತ್ತದೆ. ಚಿಕ್ಕಪ್ಪ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲೇ ತಮ್ಮ ಡಾಕ್ಟರ ಮುಂದೆ ಫಾರಂ ಇಟ್ಟರು, ಅವರು ಈ ವರ್ಷ ಬೇಡ ಅಂದರು. "ನೀವು ಇಳೀರಮ್ಮ, ನಾನು ದಡದಲ್ಲಿ ಕೂತು ಚಪ್ಪಲಿ ಕಾಯ್ತೀನಿ" ಅಂತ ಹೊರಟುಬಂದರು. ಅವರ ಸ್ವಂತ ಖಾತೆಯಲ್ಲಿ ಒಂದು ಪೈಸೆಯೂ ನಷ್ಟವಾಗಲಿಲ್ಲ.

ಮೀಸಲು ಕೆಲಸಕ್ಕೆ ಬಂದದ್ದು ಓರಗಿತ್ತಿಗೆ. ಹ್ಯಾವ್‌ಲಾಕ್‌ನಲ್ಲಿ ಹೊಸಬರನ್ನು ನೀಮೋ ರೀಫ್ ಅನ್ನುವ ಕಡೆ ದಡದಿಂದಲೇ ನಡೆಸಿಕೊಂಡು ಹೋಗಿ ಇಳಿಸುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ಸಿಲಿಂಡರ್ ಹೊತ್ತು ನಿಂತಿದ್ದಳು, ಹಿಂದಿನ ರಾತ್ರಿಯಿಂದ ಮೂಗು ಕಟ್ಟಿತ್ತು. ಇನ್‌ಸ್ಟ್ರಕ್ಟರ್ ಹುಡುಗ ಮೂಗು ಹಿಡಿದು ಮೆಲ್ಲಗೆ ಊದಿ ತೋರಿಸಿದ. ಅವಳೂ ಊದಿದಳು. ಬಲಗಿವಿಯ ಕಡೆ ಬೆರಳು ತೋರಿಸಿ ಸರಿ ಅಂದಳು, ಎಡಗಿವಿಯ ಹತ್ತಿರ ಅಂಗೈ ಆಡಿಸಿದಳು. ಇನ್ನೊಮ್ಮೆ, ಮತ್ತೊಮ್ಮೆ, ಎಡಗಿವಿ ಬಿಡಲಿಲ್ಲ. "ಮೂಗಿಗೆ ಡ್ರಾಪ್ಸ್ ಹಾಕ್ಕೊಂಡು ಇಳಿದ್ರೆ?" ಅಂತ ಮೈದುನ ಕೇಳಿದ. ಹುಡುಗ ಬೇಡವೆಂದು ತಲೆಯಾಡಿಸಿದ. ಔಷಧದ ಪ್ರಭಾವ ಕೆಳಗಿರುವಾಗಲೇ ಇಳಿದುಹೋದರೆ ಮೇಲೆ ಬರುವಾಗ ಒಳಗಿನ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ, ಆಗ ಕೆಳಗೂ ಇರುವಂತಿಲ್ಲ ಮೇಲೂ ಬರುವಂತಿಲ್ಲ ಅಂದ. ಅವಳು ನನ್ನ ಕಡೆ ನೋಡಿ, "ಅಕ್ಕಾ, ನಂಗೆ ಬೇಡ, ಮೀಸಲಲ್ಲಿ ಬರ್ಕೋ" ಅಂದು ಬೆಲ್ಟ್ ಬಿಚ್ಚತೊಡಗಿದಳು. 5,500 ಅಲ್ಲಿಗೆ ಹೋಯಿತು. ಅದೇ ದಿನ ರದ್ದಾದರೆ ವಾಪಸ್ಸಿಲ್ಲ ಎಂಬ ಷರತ್ತು ಮೊದಲೇ ಗೊತ್ತಿತ್ತು. ಸಂಜೆ ಲೆಕ್ಕ ಬರೆಯುವಾಗ ಯಾರೂ ಆ ಮಾತು ಎತ್ತಲಿಲ್ಲ. ಅವಳೂ ಚಿಕ್ಕಪ್ಪನೂ ಬಸ್ಸಿನಲ್ಲಿ ರಾಧಾನಗರ ಬೀಚಿಗೆ ಹೋಗಿ ಬಂದಿದ್ದರು, ಮಾತೆಲ್ಲ ಆ ಮರಳಿನದೇ.

ಉಳಿಸಲು ಹೋಗಬಾರದ ಇನ್ನೊಂದು ಖರ್ಚು ಕೊನೆಯ ರಾತ್ರಿಯದು. ಆಳದಲ್ಲಿ ಉಸಿರಾಡಿದಾಗ ಮೈಯಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮುಂಚೆ ವಿಮಾನ ಹತ್ತಿದರೆ, ಒತ್ತಡ ಕಡಿಮೆಯಾಗಿ, ರಕ್ತದಲ್ಲಿ, ಕೀಲುಗಳಲ್ಲಿ ಗುಳ್ಳೆ ಏಳಬಹುದು. ಸತತ ದಿನಗಳಲ್ಲಿ ಡೈವ್ ಮಾಡಿದವರು ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಅನ್ನುವುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸಲಹೆ. ಬೆಳಿಗ್ಗೆ ಹನ್ನೊಂದಕ್ಕೆ ನೀರಿನಿಂದ ಮೇಲೆದ್ದು ಮರುದಿನ ಏಳಕ್ಕೆ ವಿಮಾನ ಹಿಡಿದರೆ 20 ಗಂಟೆ ಆಯಿತಲ್ಲ, ಒಂದು ದಿನ ಉಳಿಯಿತಲ್ಲ ಅಂತ ತಮ್ಮನ ಲೆಕ್ಕ. ಲೆಕ್ಕ ಸರಿ, ಆದರೆ ನಡುವೆ ವಿಮಾನ ನಿಲ್ದಾಣದ ಊರಿಗೆ ಫೆರಿ ಇದೆ. ಗಾಳಿ ಎದ್ದು ಮಧ್ಯಾಹ್ನದ ಫೆರಿ ರದ್ದಾದರೆ ಒಂಬತ್ತು ಟಿಕೆಟ್ಟೂ ಹೋಯಿತು, ಅದೇ ದಿನ ಕೊಳ್ಳುವ ಟಿಕೆಟ್ ದರ ಕೇಳುವಂತಿಲ್ಲ. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿಗೆ ತಲೆಗೆ 2,000 ಖರ್ಚಾಗಬಹುದು. ಹಾಗೆ ಉಳಿದ ದಿನ ಸೆಲ್ಯುಲರ್ ಜೈಲು ನೋಡಿದೆವು. ಅದನ್ನು ನೋಡದೆ ಅಂಡಮಾನ್‌ನಿಂದ ಬರುವುದು ಹೇಗೂ ಸರಿಯಲ್ಲ.

ವಿಮೆಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ನಮ್ಮ ಆರೋಗ್ಯ ವಿಮೆಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವ ಒಂದು ಷರತ್ತು ಇರುತ್ತದೆ, ಅದರಲ್ಲಿ ಸ್ಕೂಬಾದ ಹೆಸರೂ ಇದೆ. ಹೆದರುವ ಮೊದಲು ಪೂರ್ತಿ ಓದಿ. ಪ್ರಮಾಣಿತ ಷರತ್ತು ಹೊರಗಿಡುವುದು ವೃತ್ತಿಪರರಾಗಿ ಭಾಗವಹಿಸಿದವರನ್ನು. ಹವ್ಯಾಸಕ್ಕೆ ಇಳಿಯುವವರಿಗೆ ಅದು ಅಡ್ಡಿಯಾಗಬಾರದು, ಆದರೂ ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಪ್ರವಾಸ ವಿಮೆ ಬೇರೆ ತೆಗೆದುಕೊಳ್ಳುವುದಾದರೆ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ, ದ್ವೀಪದಿಂದ ರೋಗಿಯನ್ನು ಸಾಗಿಸುವ ಖರ್ಚು ಕೊಡುತ್ತಾರೆಯೇ, ಮೂರನ್ನೂ ಕೇಳಿ. ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿ 18 ಮೀಟರ್, ಮುಂದಿನ ಹಂತದವರು 30ರ ತನಕ ಹೋಗುತ್ತಾರೆ. ತಮ್ಮನಿಗೂ ನನಗೂ ಒಂದೇ ಪಾಲಿಸಿ ಸಾಲದೆ ಹೋಗಬಹುದು.

ಮೀಸಲಿನಲ್ಲಿ 21,500 ಉಳಿಯಿತು. ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಆದ ಮೇಲೆ ಒಬ್ಬೊಬ್ಬರಿಗೂ 2,388 ರೂಪಾಯಿ ಯುಪಿಐ ಮಾಡಿದೆ. ಸಾಮಾನ್ಯ ಖಾತೆಯ ಬಿಲ್ಲುಗಳ ಫೋಟೊಗಳನ್ನು ಗುಂಪಿಗೆ ಹಾಕಿದೆ. ಮುಂದಿನ ಚಳಿಗಾಲಕ್ಕೆ ಲೆಕ್ಕ ಇಟ್ಟುಕೊಳ್ಳುವುದು ತಮ್ಮನ ಸರದಿ. ಹೊಸ ಹಾಳೆಯಲ್ಲಿ ಅವನು ಮೀಸಲನ್ನು ತಲೆಗೆ 4,000ಕ್ಕೆ ಏರಿಸಿದ್ದಾನೆ.