ಪ್ರತಿಕಾಯ ಪರೀಕ್ಷೆಯೂ ತಡೆ ಪೆಪ್ಟೈಡೂ

ಬೆಂಗಳೂರಿನ ಆರ್.ಟಿ. ನಗರದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಹೆಬ್ಬಾಳ ಸಿಗುತ್ತದೆ. ಪಶುವೈದ್ಯಕೀಯ ಕಾಲೇಜು ಹಾಗೂ ಕಾಲುಬಾಯಿ ರೋಗದ ಲಸಿಕೆಯ ಬಗ್ಗೆ ಕೆಲಸ ಮಾಡುತ್ತ ಬಂದಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರ ಇಲ್ಲಿವೆ. ಹಳ್ಳಿಯ ಕೊಟ್ಟಿಗೆಯಲ್ಲಿ ತೆಗೆದ ರಕ್ತವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ 'ಪ್ರತಿಕಾಯ ಇದೆ' ಎಂದು ವರದಿ ಬಂದಾಗ, ಆ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು.

ಲಸಿಕೆಯೋ, ರೋಗವೋ?

ರೋಗಾಣು ಮೈಸೇರಿದಾಗ ಅದನ್ನು ಗುರುತಿಸಿ ಹಿಡಿಯಲು ರಕ್ತದಲ್ಲಿ ಹುಟ್ಟುವ ಪ್ರೋಟೀನೇ ಪ್ರತಿಕಾಯ. ಲಸಿಕೆ ಹಾಕಿದಾಗಲೂ ಪ್ರತಿಕಾಯ ಹುಟ್ಟುತ್ತದೆ. ಆದರೆ ಕಾಲುಬಾಯಿ ರೋಗದ ವೈರಸ್ಸು ದನದ ಮೈಯಲ್ಲಿ ವೃದ್ಧಿಯಾಗುವಾಗ, ಹೊರಕವಚದ ಪ್ರೋಟೀನುಗಳಲ್ಲದೆ ಕವಚಕ್ಕೆ ಸೇರದ ಬೇರೆ ಪ್ರೋಟೀನುಗಳೂ ತಯಾರಾಗುತ್ತವೆ. ಶುದ್ಧೀಕರಿಸಿದ ಲಸಿಕೆಯಲ್ಲಿ ಇವು ಬಹುಮಟ್ಟಿಗೆ ಇರುವುದಿಲ್ಲ. ಆದ್ದರಿಂದ ಇವುಗಳ ವಿರುದ್ಧ ಪ್ರತಿಕಾಯ ಕಂಡುಬಂದರೆ ರೋಗ ತಗುಲಿರಬಹುದೆಂದು ತಿಳಿಯಬೇಕು. ನಮ್ಮ ದೇಶದಲ್ಲಿ ಇದಕ್ಕಾಗಿ 3ಎಬಿ3 ಎಂಬ ಪ್ರೋಟೀನನ್ನು ಬಳಸುವ ಎಲೈಸಾ ಪರೀಕ್ಷೆಯಿದೆ.

ಇಂಥ ಸಂಶೋಧನೆಗಳಲ್ಲಿ ಮೊಲ ಮುಂತಾದ ಪ್ರಾಣಿಗಳಲ್ಲಿ ಬೆಳೆಸಿದ ಪ್ರತಿಕಾಯವನ್ನು ಸಲಕರಣೆಯಾಗಿ ಬಳಸುತ್ತಾರೆ. ಅದು ಬೇರೊಂದು ಪ್ರೋಟೀನಿಗೆ ಅಂಟಿಕೊಂಡರೆ ಫಲಿತಾಂಶವೇ ತಪ್ಪುತ್ತದೆ. ಅದನ್ನು ನಂಬಿ ರೂಪಿಸಿದ ಪರೀಕ್ಷೆಯಿಂದ ಆರೋಗ್ಯವಂತ ದನಕ್ಕೆ ರೋಗದ ಹಣೆಪಟ್ಟಿ ಬೀಳಬಹುದು. ಇಲ್ಲವೆ ರೋಗ ಕಣ್ತಪ್ಪಿ ಊರಿಗೆಲ್ಲ ಹಬ್ಬಬಹುದು.

ತಡೆ ಪೆಪ್ಟೈಡ್

ಅಮೈನೋ ಆಮ್ಲಗಳ ಸರಪಳಿಯೇ ಪ್ರೋಟೀನು. ಅದರ ಒಂದು ಚಿಕ್ಕ ತುಂಡು ಪೆಪ್ಟೈಡ್. ಇದನ್ನು ಕೃತಕವಾಗಿ ಜೋಡಿಸುವ ಸುಲಭ ವಿಧಾನವನ್ನು ಅಮೆರಿಕದ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು.

ಪ್ರತಿಕಾಯವನ್ನು ಬೆಳೆಸಲು ಬಳಸಿದ ಪೆಪ್ಟೈಡನ್ನೇ ಅದಕ್ಕೆ ಮೊದಲು ಉಣಿಸಿದರೆ, ಅದರ ಹಿಡಿಯುವ ತಾಣ ಮುಚ್ಚಿಹೋಗುತ್ತದೆ. ಕಣದಲ್ಲಿ ಎತ್ತಿಗೆ ಬಾಯಿಕುಕ್ಕೆ ಕಟ್ಟಿದರೆ ಅದು ತೆನೆಗೆ ಬಾಯಿ ಹಾಕಲಾರದಷ್ಟೆ, ಹಾಗೆಯೇ ಇದು.

ಪರೀಕ್ಷೆಯ ಕ್ರಮ

1. ಪ್ರತಿಕಾಯವನ್ನು ಎರಡು ಸಮಪಾಲು ಮಾಡಬೇಕು.
2. ಒಂದು ಪಾಲಿಗೆ ಪೆಪ್ಟೈಡನ್ನು ಹೆಚ್ಚಿನ ಪ್ರಮಾಣದಲ್ಲಿ, ಸಾಮಾನ್ಯವಾಗಿ ತೂಕದಲ್ಲಿ 5ರಿಂದ 10 ಪಟ್ಟು, ಬೆರೆಸಿ ಕೆಲಕಾಲ ಬಿಡಬೇಕು. ಇನ್ನೊಂದಕ್ಕೆ ಪೆಪ್ಟೈಡ್ ಇಲ್ಲದ ದ್ರಾವಣವನ್ನಷ್ಟೇ ಬೆರೆಸಬೇಕು.
3. ಒಂದೇ ಮಾದರಿಯ ಎರಡು ಪಟ್ಟಿಗಳ ಮೇಲೆ ಇವನ್ನು ಬೇರೆ ಬೇರೆಯಾಗಿ ಪ್ರಯೋಗಿಸಬೇಕು.
4. ಪೆಪ್ಟೈಡ್ ಬೆರೆಸಿದ ಕಡೆ ಮಾಯವಾದ ಗುರುತು ಆ ತಾಣದ ಮೂಲಕ ಅಂಟಿದ್ದು. ಎರಡೂ ಕಡೆ ಉಳಿದದ್ದು ಬೇರೆ ಕಾರಣದಿಂದ ಬಂದದ್ದು.

ಆದರೆ ಈ ಪರೀಕ್ಷೆಗೂ ಮಿತಿಯಿದೆ. ಅದೇ ಬಗೆಯ ತುಂಡು ಬೇರೊಂದು ಪ್ರೋಟೀನಿನಲ್ಲಿದ್ದರೆ ಆ ಗುರುತೂ ಮಾಯವಾಗುತ್ತದೆ. ಆದ್ದರಿಂದ ಗುರುತು ಮಾಯವಾದ ಮಾತ್ರಕ್ಕೆ ಅದು ಬೇಕಾದ ಪ್ರೋಟೀನೇ ಎಂದು ತೀರ್ಮಾನಿಸಬಾರದು. ಆ ಪ್ರೋಟೀನು ಇಲ್ಲವೇ ಇಲ್ಲವೆಂದು ಖಚಿತವಾಗಿ ತಿಳಿದ ಮಾದರಿಯನ್ನೂ ಜೊತೆಗೆ ಪರೀಕ್ಷಿಸಬೇಕು.

ರೈತರು ಗಮನಿಸಬೇಕಾದುದು

ಪ್ರಯೋಗಾಲಯ ಎಷ್ಟೇ ಎಚ್ಚರ ವಹಿಸಿದರೂ ಮಾದರಿಯ ವಿವರ ತಪ್ಪಿದರೆ ಫಲವಿಲ್ಲ. ರಕ್ತ ತೆಗೆಯಲು ಪಶುವೈದ್ಯರು ಬಂದಾಗ ಲಸಿಕೆ ಹಾಕಿಸಿದ ದಿನಾಂಕ, ಕಿವಿಯೋಲೆಯ 12 ಅಂಕಿಯ ಸಂಖ್ಯೆ, ದನ ಕೊಂಡು ತಂದ ಊರು, ಹಿಂದೆ ಬಂದ ಕಾಯಿಲೆ ಇವನ್ನು ಮುಚ್ಚಿಡದೆ ಬರೆಸಬೇಕು. ಸೀರಂ ಪರೀಕ್ಷೆಗೆ ತೆಗೆದ ರಕ್ತದ ಶೀಶೆಯನ್ನು ಕುಲುಕಬಾರದು. ಹೆಪ್ಪುಗಟ್ಟಿ ತಿಳಿ ಬೇರ್ಪಡುವ ಮೊದಲು ಅದನ್ನು ಹಿಮಗಟ್ಟಿಸಲೂ ಬಾರದು. ಒಂದೇ ವರದಿ ನೋಡಿ ಗಾಬರಿಯಿಂದ ದನವನ್ನು ಸಂತೆಗೆ ಹೊಡೆಯುವ ಬದಲು, ಅದನ್ನು ಬೇರೆ ಕಟ್ಟಿ ಪಶುವೈದ್ಯರ ಸಲಹೆಯಂತೆ ಮರುಪರೀಕ್ಷೆ ಮಾಡಿಸುವುದು ತನಗೂ ನೆರೆಯವರಿಗೂ ಕ್ಷೇಮ.